ರಕ್ತದ ಕಾಯಿಲೆಗೆ ಬೆನ್ನಿಗೇಕೆ ಸೂಜಿ?

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಕಡೆಯಿಂದ ರಕ್ತದ ಕ್ಯಾನ್ಸರಿನ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ತಂದೆತಾಯಿಯರನ್ನು ಕಾಡುವ ಪ್ರಶ್ನೆಯೊಂದಿದೆ: ಕಾಯಿಲೆ ರಕ್ತದ್ದು, ಔಷಧಿ ಬೆನ್ನಿಗೇಕೆ? ಬೆನ್ನಿನ ನೀರು ತೆಗೆಸಿದರೆ ಸೊಂಟವೇ ಬಿದ್ದುಹೋಗುತ್ತದೆ ಎಂದು ಊರಲ್ಲಿ ಯಾರೋ ಹೆದರಿಸಿರುತ್ತಾರೆ. ಉತ್ತರ ಹುಡುಕಹೊರಟರೆ ಎಪ್ಪತ್ತು ವರ್ಷಗಳ ಕಥೆ ಸಿಗುತ್ತದೆ.

ಕಥೆಯ ಮೊದಲಿಗರು ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ತಯಾರಿಸಿದ ಅಮಿನೊಪ್ಟೆರಿನ್ ಅನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, ರೋಗ ಕೆಲಕಾಲ ಹಿಮ್ಮೆಟ್ಟಿದ್ದನ್ನು 1948ರಲ್ಲಿ ವರದಿ ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಇಂದು ಬೆನ್ನಿಗೆ ಕೊಡುವ ಮೆಥೋಟ್ರೆಕ್ಸೇಟ್ ಆ ಔಷಧಿಯ ಹತ್ತಿರದ ಸಂಬಂಧಿ. ಇಂಥವರ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರದಿರುವುದು ನನಗೆ ನೋವಿನ ಸಂಗತಿ.

ಮುಂದೆ ಔಷಧಿಗಳು ಹೆಚ್ಚಿದವು. ರಕ್ತ ಸರಿಹೋಯಿತು ಎನ್ನುವಷ್ಟರಲ್ಲಿ ಮಕ್ಕಳಿಗೆ ತಲೆನೋವು, ವಾಂತಿ. ರೋಗ ಮಿದುಳಿನ ಪೊರೆಯಲ್ಲಿ ಮರುಕಳಿಸಿರುತ್ತಿತ್ತು. 1960ರ ದಶಕದಲ್ಲಿ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ಮುಂಚಿತವಾಗಿಯೇ ತಲೆಗೆ ವಿಕಿರಣ, ಮಿದುಳಿನ ಸುತ್ತಲಿನ ನೀರಿಗೆ ಸೇರುವಂತೆ ಬೆನ್ನಿಗೆ ಔಷಧಿ ಕೊಡುವ ದಾರಿ ಹಿಡಿದರು. ವಿಕಿರಣ ಕಲಿಕೆಗೆ ಪೆಟ್ಟು ಕೊಡುವುದು ಕಂಡಮೇಲೆ ಹೆಚ್ಚಿನ ಮಕ್ಕಳಿಗೆ ಬೆನ್ನಿನ ಸೂಜಿಯೇ ಉಳಿಯಿತು.

ರಕ್ತದ ರೋಗ ಮಿದುಳಿನ ಪೊರೆಗೆ ತಲುಪುವುದು ಹೇಗೆ? ಡ್ಯೂಕ್ ವಿಶ್ವವಿದ್ಯಾಲಯದ ಡೊರೊತಿ ಸಿಪ್ಕಿನ್ಸ್ ತಂಡ ಇಲಿಗಳ ಮೇಲೆ ಒಂದು ಔಷಧಿ ಪರೀಕ್ಷಿಸುತ್ತಿತ್ತು. ಮೂಳೆಯೊಳಗಿನ ಮಜ್ಜೆಯ ರೋಗ ಅಷ್ಟಾಗಿ ಕುಗ್ಗಲಿಲ್ಲ, ಮಿದುಳಿಗೆ ಹರಡುವುದು ಮಾತ್ರ ಇಳಿಯಿತು! ಕಾರಣ ಕೆದಕಿದವರಿಗೆ ಸಿಕ್ಕಿದ್ದು ಒಂದು ಅಂಟು. ಲ್ಯುಕೇಮಿಯಾ ಕೋಶಗಳ ಮೈಮೇಲೆ ಆಲ್ಫಾ-6 ಇಂಟೆಗ್ರಿನ್ ಎಂಬ ಪ್ರೋಟೀನ್ ಇದೆ. ತಲೆಬುರುಡೆ ಮತ್ತು ಬೆನ್ನುಮೂಳೆಯ ಮಜ್ಜೆಯಿಂದ ಮಿದುಳುಪೊರೆಗೆ ನೇರವಾಗಿ ಹಾಯುವ ಸಣ್ಣ ರಕ್ತನಾಳಗಳ ಹೊರಮೈಗೆ ಲ್ಯಾಮಿನಿನ್ ಎಂಬ ಪ್ರೋಟೀನಿನ ಹೊದಿಕೆಯಿದೆ. ತಂತಿ ಹಿಡಿದು ಹಬ್ಬುವ ಹೀರೆಬಳ್ಳಿಯಂತೆ ಕೋಶಗಳು ಲ್ಯಾಮಿನಿನ್ನಿಗೆ ಅಂಟಿಕೊಳ್ಳುತ್ತ ಸಾಗುತ್ತವೆ. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಅವು ದಾಟಬೇಕಾಗಿಯೇ ಇಲ್ಲ. ಇಂಟೆಗ್ರಿನ್ನಿಗೆ ಪ್ರತಿಕಾಯದಿಂದ ಅಡ್ಡಿ ಮಾಡಿದಾಗಲೂ ಇಲಿಗಳಲ್ಲಿ ಹರಡುವಿಕೆ ತಗ್ಗಿತು. 2018ರಲ್ಲಿ ‘ನೇಚರ್’ ಪತ್ರಿಕೆ ಈ ಅಧ್ಯಯನವನ್ನು ಪ್ರಕಟಿಸಿತು.

ಈ ಅಂಟನ್ನು ಬಿಡಿಸುವ ಔಷಧಿ ಮಕ್ಕಳ ವಾರ್ಡಿನ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಆದ್ದರಿಂದ ಚಿತ್ರದುರ್ಗ ಸೀಮೆಯ ತಂದೆತಾಯಿಯರೇ, ಊರಿನವರ ಮಾತಿಗೆ ಹೆದರಿ ಬೆನ್ನಿನ ಸೂಜಿಯ ಒಂದು ಸರದಿಯನ್ನೂ ತಪ್ಪಿಸಬೇಡಿ. ಅನುಮಾನವಿದ್ದರೆ ವೈದ್ಯರನ್ನೇ ಕೇಳಿ.