‘ಕೊಡಿಕೊಂಡ’ ಹುಡುಕಿದರೆ ಕೊಡಿಕೊಂಡ ಸಿಗಬೇಕು: ಕನ್ನಡ ತಂತ್ರಾಂಶಕ್ಕೆ ಸ್ವಯಂಚಾಲಿತ ಪರೀಕ್ಷೆ

ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಂದು ಹಿಂದೂಪುರ, ಲೇಪಾಕ್ಷಿ ಕಡೆಗೆ ತಿರುಗುವವರಿಗೆಲ್ಲ ಕೊಡಿಕೊಂಡ ಚೆಕ್‌ಪೋಸ್ಟ್ ಗೊತ್ತು. ಓದುವ ನಮಗೆ ‘ಕೊಡಿಕೊಂಡ’ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅದು ಎಂಟು ಸಂಕೇತ, ಕೆಲವೊಮ್ಮೆ ಹತ್ತು. ಸದಸ್ಯರ ಪಟ್ಟಿಯಲ್ಲಿ ಊರಿನ ಹೆಸರು ಕಣ್ಣೆದುರೇ ಇದ್ದರೂ ಹುಡುಕಿದಾಗ ಸಿಗದಿರಲು ಈ ವ್ಯತ್ಯಾಸ ಸಾಕು.

ಕಾರಣ ಹೀಗಿದೆ. ಯೂನಿಕೋಡ್‌ನಲ್ಲಿ ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎ-ಕಾರ, ಊ-ಕಾರಗಳ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಹಳೆಯ ಫಾಂಟುಗಳ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಚಿಹ್ನೆಗಳು ಬಿಡಿಯಾಗಿಯೇ ಉಳಿಯಬಹುದು. ಕನ್ನಡದಲ್ಲಿ ಈ, ಏ, ಐ, ಒ, ಓ ಕಾರಗಳ ಐದು ಚಿಹ್ನೆಗಳಿಗೂ ಇಂಥ ಎರಡು ರೂಪಗಳಿವೆ. ತೆಲುಗಿನಲ್ಲಿ ಇರುವುದು ಐ-ಕಾರಕ್ಕೆ ಮಾತ್ರ. ಹಾಗಾಗಿ ತೆಲುಗು ಹೆಸರುಗಳಿಂದ ಪರೀಕ್ಷಿಸಿ ‘ಸರಿಯಿದೆ’ ಎಂದ ತಂತ್ರಾಂಶ ಕನ್ನಡದಲ್ಲಿ ಎಡವಬಹುದು. ಗಡಿಯಲ್ಲಿರುವ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು.

ಪರಿಹಾರ ಸುಲಭ: ಹೋಲಿಸುವ ಮೊದಲು ಎರಡೂ ಪದಗಳನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು. ಪೈಥಾನ್‌ನಲ್ಲಿ ಅದು ಒಂದು ಸಾಲಿನ ಕೆಲಸ. ಆದರೆ ಮುಂದಿನ ವರ್ಷ ಮತ್ತೊಬ್ಬರು ತಂತ್ರಾಂಶ ತಿದ್ದುವಾಗ ಆ ಸಾಲು ಅಳಿಸಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಸ್ವಯಂಚಾಲಿತ ಪರೀಕ್ಷೆ. ‘ಇದನ್ನು ಕೊಟ್ಟರೆ ಇದೇ ಬರಬೇಕು’ ಎಂದು ಒಮ್ಮೆ ಬರೆದಿಟ್ಟರೆ, ಪ್ರತಿ ತಿದ್ದುಪಡಿಯ ನಂತರವೂ ಕಂಪ್ಯೂಟರೇ ಪರಿಶೀಲಿಸುತ್ತದೆ.

ಆರಂಭಿಸುವುದು ಹೇಗೆ?

1. ಪೈಥಾನ್ ಜೊತೆಗೆ ಪೈಟೆಸ್ಟ್ ಎಂಬ ಉಚಿತ ಸಾಧನವನ್ನು ಇನ್‌ಸ್ಟಾಲ್ ಮಾಡಿ. ಪರೀಕ್ಷೆಗಳಿಗೆ ಬೇರೆ ಫೋಲ್ಡರ್ ಇರಲಿ. ಕಡತದ ಹೆಸರೂ ಅದರೊಳಗಿನ ಪರೀಕ್ಷೆಗಳ ಹೆಸರೂ ‘ಟೆಸ್ಟ್’ ಪದದಿಂದ ಶುರುವಾದರೆ ಪೈಟೆಸ್ಟ್ ತಾನಾಗಿಯೇ ಹುಡುಕಿ ಓಡಿಸುತ್ತದೆ.

2. ಒಂದು ಪರೀಕ್ಷೆಗೆ ಒಂದೇ ವಿಷಯ. ಬಿದ್ದಾಗ ಏನು ಕೆಟ್ಟಿದೆಯೆಂದು ಹೆಸರಿನಿಂದಲೇ ತಿಳಿಯಬೇಕು.

3. ಎರಡು ರೂಪದ ಪದಗಳನ್ನು ಟೈಪ್ ಮಾಡಬೇಡಿ. ಯೂನಿಕೋಡ್ ಸಂಖ್ಯೆಗಳಿಂದ ಬರೆಯಿರಿ. ನಕಲಿಸಿ ಅಂಟಿಸುವಾಗ ಎರಡೂ ಒಂದೇ ರೂಪಕ್ಕೆ ಬಂದುಬಿಟ್ಟರೆ ಪರೀಕ್ಷೆ ಏನನ್ನೂ ಪರೀಕ್ಷಿಸದೆ ಪಾಸಾಗುತ್ತದೆ.

4. ಹೊಸ ಪರೀಕ್ಷೆ ಬರೆದ ಮೇಲೆ ತಿದ್ದುಪಡಿಯ ಸಾಲನ್ನು ಒಮ್ಮೆ ತೆಗೆದು ಓಡಿಸಿ. ಆಗ ಅದು ಬೀಳಲೇಬೇಕು. ಬೀಳದ ಪರೀಕ್ಷೆಯನ್ನು ನಂಬಬೇಡಿ.

5. ಗಿಟ್‌ಹಬ್‌ನಲ್ಲಿ ತಂತ್ರಾಂಶ ಇಟ್ಟಿದ್ದರೆ ‘ಆ್ಯಕ್ಷನ್ಸ್’ ಸೌಲಭ್ಯದಿಂದ ಪ್ರತಿ ಬದಲಾವಣೆಗೂ ಎಲ್ಲ ಪರೀಕ್ಷೆಗಳು ಓಡುವಂತೆ ಮಾಡಬಹುದು.

ಯಾವ ಪದಗಳು ಬೇಕು?

‘ಕೊಡಿಕೊಂಡ’ ಮೊದಲನೆಯದು. ಗುರುತಿನ ಚೀಟಿಗಾಗಿ ಇದನ್ನು ಐದು ಸಂಕೇತಕ್ಕೆ ಕತ್ತರಿಸಿದರೆ ‘ಕೊಡಿಕ’ ಉಳಿಯುತ್ತದೆ; ಆದ್ದರಿಂದ ಅಕ್ಷರ ಎಣಿಕೆಗೂ ಒಂದು ಪರೀಕ್ಷೆ ಇರಲಿ. ‘ಕಲ್ಯಾಣದುರ್ಗ’ದಲ್ಲಿ ಒತ್ತಕ್ಷರವೂ ಇದೆ, ಅರ್ಕಾವತ್ತೂ ಇದೆ. ‘ರ‍್ಯಾಂಕ್’ ಎಂದು ಬರೆಯಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ಅದನ್ನು ಕಸವೆಂದು ತೆಗೆದರೆ ಪದ ‘ರ್ಯಾಂಕ್’ ಆಗುತ್ತದೆ.

ದೊಡ್ಡ ಯೋಜನೆಗಳೂ ಹೀಗೆಯೇ ಕೆಲಸ ಮಾಡುತ್ತವೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಕನ್ನಡದ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. 2012ರ ಸುಮಾರಿಗೆ ಅದರ ಭಾರತೀಯ ಲಿಪಿಗಳ ಭಾಗ ರೂಪುಗೊಳ್ಳುತ್ತಿದ್ದಾಗ, ಅದರ ಫಲಿತಾಂಶವನ್ನು ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ಜೊತೆ ಹೋಲಿಸಲಾಗುತ್ತಿತ್ತು. ಒಂದು ಹಂತದಲ್ಲಿ 9,51,913 ಕನ್ನಡ ಪದಗಳಲ್ಲಿ 9,51,190 ಹೊಂದಿದವು, 723 ಹೊಂದಲಿಲ್ಲ. ಬದಲಾವಣೆಯ ಜೊತೆಗೆ ಈ ಲೆಕ್ಕವನ್ನೂ ಬರೆದಿಡುತ್ತಿದ್ದರಿಂದ ಸುಧಾರಿಸಿತೇ, ಕೆಟ್ಟಿತೇ ಎಂಬುದು ತಕ್ಷಣ ತಿಳಿಯುತ್ತಿತ್ತು.

ನಮಗೆ ಲಕ್ಷಗಟ್ಟಲೆ ಪದ ಬೇಡ. ಚೆನ್ನಾಗಿ ಆರಿಸಿದ ಐವತ್ತು ಸಾಕು. ಪ್ರೋಗ್ರಾಮಿಂಗ್ ಬಾರದವರೂ ಇದಕ್ಕೆ ನೆರವಾಗಬಹುದು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗ ಕಡೆಯ ಊರು, ಕೆರೆ, ಬೀದಿಗಳ ಹೆಸರುಗಳಲ್ಲಿ ಕಂಪ್ಯೂಟರ್ ತಪ್ಪಾಗಿ ತೋರಿಸುವ, ಹುಡುಕಿದರೆ ಸಿಗದ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ಅಂಥ ಪ್ರತಿಯೊಂದು ಹೆಸರೂ ಒಂದು ಪರೀಕ್ಷೆ. ಒಮ್ಮೆ ಪಟ್ಟಿಗೆ ಸೇರಿದರೆ ಅದು ಮತ್ತೆ ಸದ್ದಿಲ್ಲದೆ ಕಳೆದುಹೋಗುವುದಿಲ್ಲ.