ಕ್ಯೂಆರ್ ಕೋಡಿನೊಳಗಿನ ಎರಡು ಲಕೋಟೆಗಳು

2020ರ ಅಕ್ಟೋಬರ್ 1ರಂದು ರೂ. 500 ಕೋಟಿ ಮೀರಿದ ವಹಿವಾಟಿನ ಸಂಸ್ಥೆಗಳಿಂದ ಆರಂಭವಾದ ಇ-ಇನ್‌ವಾಯ್ಸ್ ಪದ್ಧತಿಯು, 2023ರ ಆಗಸ್ಟ್ 1ರಿಂದ ರೂ. 5 ಕೋಟಿ ಮೀರಿದ ವಹಿವಾಟಿನವರನ್ನೂ ಒಳಗೊಂಡಿತು. ಹೀಗಾಗಿ ಸಣ್ಣ ಉದ್ದಿಮೆದಾರರ ಖರೀದಿ ಬಿಲ್ಲುಗಳ ಮೇಲೂ ಇಂದು ಕ್ಯೂಆರ್ ಕೋಡ್ ಕಾಣಿಸುತ್ತದೆ. ಅದನ್ನು ಸ್ಕ್ಯಾನ್ ಮಾಡಿ ವಿವರಗಳನ್ನು ನೇರವಾಗಿ ಲೆಕ್ಕಪತ್ರಕ್ಕೆ ಇಳಿಸಿಕೊಳ್ಳಬಹುದು. ಆದರೆ ತಂತ್ರಾಂಶವು ಅದನ್ನು ಸರಿಯಾಗಿ ಓದುತ್ತಿದೆಯೇ ಎಂಬುದನ್ನು ಮಾಲೀಕರು ವಿಚಾರಿಸಬೇಕು.

ಸ್ಕ್ಯಾನ್ ಮಾಡಿದಾಗ ದೊರೆಯುವುದು ಅರ್ಥವಾಗದ ಅಕ್ಷರಗಳ ಉದ್ದನೆಯ ಸಾಲು. ಚುಕ್ಕೆಗಳಿಂದ ಬೇರ್ಪಟ್ಟ ಮೂರು ಭಾಗಗಳು ಅದರಲ್ಲಿವೆ: ಶಿರೋಭಾಗ, ವಿವರ ಮತ್ತು ಡಿಜಿಟಲ್ ಸಹಿ. ನಡುವಿನ ಭಾಗವನ್ನು ಬೇಸ್64 ಪದ್ಧತಿಯಿಂದ ಬಿಡಿಸಿದರೆ ಜೇಸನ್ ರೂಪದ ದತ್ತಾಂಶ ಲಭಿಸುತ್ತದೆ. ತೊಡಕು ಇರುವುದು ಇಲ್ಲಿಯೇ. ಅದರ ‘ಡೇಟಾ’ ಎಂಬ ಅಂಕಣದಲ್ಲಿ ಇನ್ನೊಂದು ಜೇಸನ್ ಇದೆ; ಆದರೆ ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಬರಿಯ ಪಠ್ಯವಾಗಿ ಇಡಲಾಗಿದೆ. ಲಕೋಟೆಯೊಳಗೆ ಮತ್ತೊಂದು ಮುಚ್ಚಿದ ಲಕೋಟೆ ಇದ್ದಂತೆ.

ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಯಾವ ಭಾಷೆಯಲ್ಲಾದರೂ ಜೇಸನ್ ಓದುವ ಆಜ್ಞೆಯನ್ನು ಎರಡು ಬಾರಿ ನೀಡಬೇಕು: ಮೊದಲು ಹೊರಗಿನದಕ್ಕೆ, ಅನಂತರ ‘ಡೇಟಾ’ ಅಂಕಣದ ಪಠ್ಯಕ್ಕೆ. ಆಗ ಮಾರಾಟಗಾರ ಹಾಗೂ ಖರೀದಿದಾರರ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಸಂಖ್ಯೆ, ದಿನಾಂಕ, ಒಟ್ಟು ಮೌಲ್ಯ, ಮುಖ್ಯ ಎಚ್‌ಎಸ್‌ಎನ್ ಸಂಕೇತ, 64 ಅಕ್ಷರಗಳ ಐಆರ್‌ಎನ್ ಇತ್ಯಾದಿ ವಿವರಗಳು ದೊರೆಯುತ್ತವೆ. ಕೆಲವರು ಒಳಪಠ್ಯದ ಹಿಂಗೆರೆಗಳನ್ನು ಅಳಿಸಿ ಕೆಲಸ ಮುಗಿಸಲು ನೋಡುತ್ತಾರೆ. ಹಾಗೆ ಮಾಡಿದರೆ ಒಳಗಿನ ಉದ್ಧರಣ ಚಿಹ್ನೆಯೇ ಹೊರಗಿನ ಪಠ್ಯವನ್ನು ಅರ್ಧಕ್ಕೆ ಮುಗಿಸಿ, ಇಡೀ ರಚನೆ ಮುರಿಯುತ್ತದೆ.

ಓದಿದ ಮೇಲೂ ಎಚ್ಚರ ಅಗತ್ಯ. ಕಾಫಿಯ ಎಚ್‌ಎಸ್‌ಎನ್ ಶೀರ್ಷಿಕೆ 0901, ಕಾಳುಮೆಣಸಿನದು 0904. ಇವನ್ನು ಅಂಕಿಯೆಂದು ಪರಿಗಣಿಸಿದರೆ ಮುಂದಿನ ಸೊನ್ನೆ ಕಳೆದುಹೋಗುತ್ತದೆ, ಪಠ್ಯವಾಗಿಯೇ ಉಳಿಸಬೇಕು. ದಿನಾಂಕದಲ್ಲಿ ದಿನ ಮೊದಲು, ತಿಂಗಳು ಅನಂತರ ಬರುತ್ತದೆ. 05/04/2024 ಎಂಬುದನ್ನು ಕಂಪ್ಯೂಟರ್ ಮೇ 4 ಎಂದು ತಿಳಿದರೆ ತಿಂಗಳ ತಾಳೆಯೇ ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಡುವಿನ ಭಾಗವನ್ನು ಓದಲು ಯಾವ ಕೀಲಿಯೂ ಬೇಡ. ಆದ್ದರಿಂದ ಅಂಥದನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಮೂರನೆಯ ಭಾಗದ ಸಹಿಯನ್ನು ನೋಂದಣಿ ಪೋರ್ಟಲ್‌ನ ಸಾರ್ವಜನಿಕ ಕೀಲಿಯಿಂದ ಪರಿಶೀಲಿಸಿದರೆ ಮಾತ್ರ ಬಿಲ್ಲು ಅಸಲಿಯೆಂದು ತಿಳಿಯುತ್ತದೆ. ಅಷ್ಟೂ ಸಾಲದು. ಐಆರ್‌ಎನ್ ಅನ್ನು 24 ಗಂಟೆಗಳೊಳಗೆ ರದ್ದುಪಡಿಸಲು ಮಾರಾಟಗಾರರಿಗೆ ಅವಕಾಶವಿದೆ. ರದ್ದಾದ ಬಳಿಕವೂ ಕಾಗದದ ಮೇಲಿನ ಕೋಡ್ ಹಾಗೆಯೇ ಇರುತ್ತದೆ, ಸಹಿಯೂ ಸರಿಯೆಂದೇ ತೋರುತ್ತದೆ.

ಇ-ಇನ್‌ವಾಯ್ಸ್ ಕಡ್ಡಾಯವಿರುವವರು ಐಆರ್‌ಎನ್ ಇಲ್ಲದೆ ನೀಡಿದ ಬಿಲ್ಲನ್ನು ಜಿಎಸ್‌ಟಿ ನಿಯಮ 48 ಬಿಲ್ಲೆಂದೇ ಪರಿಗಣಿಸುವುದಿಲ್ಲ. 2022ರ ಜನವರಿ 1ರಿಂದ ಮಾರಾಟಗಾರರು ಸಲ್ಲಿಸಿದ ವಿವರ ತಮಗೆ ತಲುಪದೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಆದಕಾರಣ ಎರಡು ಲಕೋಟೆಗಳನ್ನೂ ಕ್ರಮವಾಗಿ ತೆರೆದು, ಸಹಿ ಪರಿಶೀಲಿಸಿ, ಪೋರ್ಟಲ್‌ನಲ್ಲಿ ಐಆರ್‌ಎನ್ ಸ್ಥಿತಿ ನೋಡಿ, ಜಿಎಸ್‌ಟಿಆರ್-2ಬಿಯೊಡನೆ ತಾಳೆ ಹಾಕಿದ ಮೇಲೆಯೇ ಜಮೆ ಪಡೆಯುವುದು ಕ್ಷೇಮಕರ. ತಂತ್ರಾಂಶ ಕೊಳ್ಳುವ ಮುನ್ನ ತಮ್ಮದೇ ನಾಲ್ಕಾರು ಬಿಲ್ಲುಗಳನ್ನು ಕೊಟ್ಟು ಈ ಹಂತಗಳನ್ನು ಮಾಡಿ ತೋರಿಸಲು ಕೇಳಿರಿ.