ಎಂಜಿನ್ನಿನ ಹೊಗೆ: ದೋಷ ಇಂಧನದ್ದೋ, ಯಂತ್ರದ್ದೋ?

ವರ್ತಕರೊಬ್ಬರು ಬೆಳಿಗ್ಗೆ ತಮ್ಮ ಕಾರಿಗೆ ಪೆಟ್ರೋಲ್ ತುಂಬಿಸುತ್ತಾರೆ. ಸಂಜೆಯ ವೇಳೆಗೆ ಸೈಲೆನ್ಸರಿನಿಂದ ದಟ್ಟ ಹೊಗೆ ಬರತೊಡಗುತ್ತದೆ ಎಂದಿಟ್ಟುಕೊಳ್ಳೋಣ. ಅನುಮಾನ ಮೊದಲು ಬಂಕಿನ ಮೇಲೆ ಹೋಗುವುದು ಸಹಜ. ಆದರೆ ಪೆಟ್ರೋಲ್ ತುಂಬಿಸಿದ ನಂತರ ಹೊಗೆ ಬಂದಿತೆಂಬ ಮಾತ್ರಕ್ಕೆ, ಅದರಿಂದಲೇ ಬಂದಿತೆಂದು ಸಿದ್ಧವಾಗುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸದಿದ್ದಲ್ಲಿ ದುರಸ್ತಿಯ ಹಣ ವ್ಯರ್ಥವಾಗುವುದಲ್ಲದೆ, ಪ್ರಾಮಾಣಿಕ ವ್ಯಾಪಾರಿಯೊಬ್ಬರ ಹೆಸರಿಗೂ ಕಳಂಕ ತಗಲುತ್ತದೆ.

ಬಣ್ಣವೇ ಮೊದಲ ಸಾಕ್ಷಿ

ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಸವೆದ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಇದಕ್ಕೆ ಸಾಮಾನ್ಯ ಕಾರಣ. ಕಪ್ಪು ಹೊಗೆಯು ಗಾಳಿಯ ಪ್ರಮಾಣಕ್ಕಿಂತ ಇಂಧನ ಹೆಚ್ಚಾಗಿರುವುದನ್ನು ತಿಳಿಸುತ್ತದೆ. ಕಟ್ಟಿಕೊಂಡ ಏರ್ ಫಿಲ್ಟರ್, ಸೋರುವ ಇಂಜೆಕ್ಟರ್‌ಗಳನ್ನು ಪರೀಕ್ಷಿಸಬೇಕು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹಾಳಾಗಿರುವ ಸಂಭವವಿದೆ. ಇಂತಹ ಸವೆತಕ್ಕೆ ಒಂದು ದಿನದ ಪೆಟ್ರೋಲ್ ಕಾರಣವಾಗುವುದು ವಿರಳ.

ಸೀಮೆಎಣ್ಣೆ ಅಥವಾ ಡೀಸೆಲ್ ಬೆರೆತ ಪೆಟ್ರೋಲ್ ಪೂರ್ಣವಾಗಿ ದಹಿಸುವುದಿಲ್ಲ. ಆಗ ಹೊಗೆಯೊಡನೆ ಎಂಜಿನ್ ಬಡಿತದ ಶಬ್ದವೂ ಎಳೆತದ ಕುಸಿತವೂ ಕಾಣುತ್ತವೆ. 2023ರಿಂದ ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂದಿದೆ. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳದಲ್ಲಿ ಬೇರ್ಪಡುತ್ತವೆ, ಗಾಡಿ ಜಗ್ಗುತ್ತಾ ನಿಲ್ಲುತ್ತದೆ.

ದಾಖಲೆಯ ಮಹತ್ವ

ಶಂಕೆ ಬಂದೊಡನೆ ಎಂಜಿನ್ ನಿಲ್ಲಿಸಿ, ವಾಹನವನ್ನು ಎಳೆಸಿಕೊಂಡು ಹೋಗುವುದು ಕ್ಷೇಮ. ಟ್ಯಾಂಕಿನ ಪೆಟ್ರೋಲನ್ನು ಚೆಲ್ಲುವ ಮೊದಲು ಶುಭ್ರವಾದ ಗಾಜಿನ ಪಾತ್ರೆಯಲ್ಲಿ ಸ್ವಲ್ಪ ತೆಗೆದು ನೋಡಬೇಕು. ನೀರು ಬೇರ್ಪಟ್ಟಿದ್ದರೆ ತಳದಲ್ಲಿ ಪದರವಾಗಿ ಕಾಣುತ್ತದೆ. ಬಂಕಿನ ಬಿಲ್ಲು ಹಾಗೂ ದುರಸ್ತಿಗೆ ಮುನ್ನ ಮೆಕ್ಯಾನಿಕ್ ಬರೆದುಕೊಟ್ಟ ವರದಿಯನ್ನು ಜೋಪಾನವಾಗಿಡಬೇಕು.

ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆಯನ್ನೂ ಸಾಂದ್ರತೆಯ ಪರೀಕ್ಷೆಯನ್ನೂ ಕೇಳುವ ಹಕ್ಕು ಗ್ರಾಹಕರಿಗಿದೆ. ಶುದ್ಧ ಪೆಟ್ರೋಲಿನ ಹನಿ ಕಲೆ ಉಳಿಸದೆ ಆರಿಹೋಗುತ್ತದೆ. ಕಲೆ ಉಳಿದರೆ ತೈಲ ಕಂಪನಿಗೂ ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೂ ಲಿಖಿತ ದೂರು ನೀಡಬಹುದು. ಕಲಬೆರಕೆಯು 1955ರ ಅಗತ್ಯ ವಸ್ತುಗಳ ಅಧಿನಿಯಮದ ಅಡಿಯಲ್ಲಿ ಹೊರಡಿಸಿದ 2005ರ ಆದೇಶದ ಉಲ್ಲಂಘನೆ. ಅಧಿಕೃತ ಅಧಿಕಾರಿ ಮೊಹರು ಮಾಡಿದ ಮಾದರಿಗೆ ಇರುವ ಬೆಲೆ, ಮನೆಯ ಬಾಟಲಿಯಲ್ಲಿ ತಂದ ಮಾದರಿಗೆ ಇರುವುದಿಲ್ಲ.

ವೆಚ್ಚದ ಹೊರೆ

ಸಾಮಾನ್ಯ ಮೋಟಾರು ವಿಮೆಯು ಯಾಂತ್ರಿಕ ವೈಫಲ್ಯದ ನಷ್ಟವನ್ನು ಭರಿಸುವುದಿಲ್ಲ. ಸ್ವಂತ ಓಡಾಟದ ಕಾರಿನ ದುರಸ್ತಿಗೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೊರೆಹೋದರೂ, ವಾಹನದ ಬಳಕೆ ವಾಣಿಜ್ಯ ಉದ್ದೇಶದ್ದೆಂಬ ಆಕ್ಷೇಪ ಏಳಬಹುದು.

ಆದ್ದರಿಂದ ನಷ್ಟ ಬಹುಮಟ್ಟಿಗೆ ಮಾಲೀಕರ ಹೆಗಲ ಮೇಲೆಯೇ ಉಳಿಯುತ್ತದೆ. ವೋಚರಿಲ್ಲದ ಖರ್ಚನ್ನು ಒಪ್ಪದ ವರ್ತಕರು, ಪುರಾವೆಯಿಲ್ಲದ ಆರೋಪವನ್ನೂ ಒಪ್ಪದಿರುವುದು ಲೇಸು.